ಅಮಸಿದ್ದಪ್ಪನ ಸವತಿ

೧೯೮೬ರಲ್ಲಿ ರಾಮಥಾಳದ ಹೊಲವೊಂದರಲ್ಲಿ ಅಮಸಿದ್ದಪ್ಪ ದೊಡ್ಡ ಸುತ್ತಿಗೆ ಎತ್ತಿದ ರಭಸಕ್ಕೆ ತಾನೇ ಎರೆಮಣ್ಣಿನ ಮೇಲೆ ದೊಪ್ಪನೆ ಬಿದ್ದ. ನೆಲದ ನಡುಕ ಅಳೆಯುವ ಸರ್ವೆಗೆ ಬಂದಿದ್ದ ಹೊಸ ಕಂಪ್ಯೂಟರ್ ಆ ಬಿದ್ದದ್ದನ್ನೂ ಅಲೆಅಲೆಯಾಗಿ ಬರೆದುಕೊಂಡಿತು. ಡೇರೆಯಲ್ಲಿದ್ದವರೆಲ್ಲ ನಕ್ಕರು. ಮನುಷ್ಯನ ಜೊತೆಗೆ ಮಾನವೂ ನೆಲಕಚ್ಚಿತು.

ನೆಲದ ಮೇಲಿಟ್ಟ ಕಬ್ಬಿಣದ ತಟ್ಟೆಗೆ ಬಡಿಯುವುದು ಅವನ ಕೆಲಸ. ಆ ನಡುಕ ಕೆಳಗಿನ ಬಂಡೆಗೆ ತಾಗಿ ಮರಳುವ ಹೊತ್ತನ್ನು ಅಳೆದರೆ ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಹತ್ತು ವರ್ಷ ಸಾಹೇಬರೆಲ್ಲ "ಭೇಷ್ ಅಮಸಿದ್ದ" ಎನ್ನುತ್ತಿದ್ದರು. ಈಗ ಭೇಷೂ, ಬಿಸಿಯಾಗದಂತೆ ಬೀಸುವ ಫ್ಯಾನೂ ಡೇರೆಯೊಳಗಿನ ಕಂಪ್ಯೂಟರಿಗೆ. ಆಯುಧಪೂಜೆಯಲ್ಲೂ ಅದಕ್ಕೆ ಚೆಂಡುಹೂವಿನ ಮಾಲೆ, ಸುತ್ತಿಗೆಗೆ ಬರೀ ಕುಂಕುಮದ ಬೊಟ್ಟು. ಸವತಿ ಬಂದ ಮನೆಯ ಹಿರಿಯ ಹೆಂಡತಿಯ ಹಾಗೆ ಅಮಸಿದ್ದಪ್ಪ ಒಳಗೊಳಗೇ ಉರಿದ.

ಬಿದ್ದ ಮರುದಿನ, ಕಂಪ್ಯೂಟರಿನ ಹೆಸರು ಕೆಡಿಸಲೆಂದೇ ಮೆಲ್ಲಗೆ ಬಡಿದ. ಆದರೆ ಸಪ್ಪಳ ಸಣ್ಣದಾದರೆ ಏಟಿಗೆ ಏಟು ಕೂಡಿಸುತ್ತ, ಪರದೆಯ ಮೇಲಿನ ಗೆರೆ ಸ್ಪಷ್ಟವಾಗುವವರೆಗೆ ಕಾಯುವ ತಾಳ್ಮೆ ಆ ಕಂಪ್ಯೂಟರಿಗಿತ್ತು.

"ಇನ್ನೊಂದ ಹೊಡಿಯೋ ಅಮಸಿದ್ದಣ್ಣ!" ಎಂದು ಡೇರೆಯೊಳಗಿಂದ ಇಂಜಿನಿಯರ್ ಶಾಂತವೀರಯ್ಯ ಕೂಗುತ್ತಲೇ ಇದ್ದ. ನಾಲ್ಕು ಏಟಿನ ಜಾಗದಲ್ಲಿ ನಲವತ್ತಾದವು. ಗೆರೆ ಚೊಕ್ಕಟವಾಗಿ ಬಂತು, ಅಮಸಿದ್ದಪ್ಪನ ತೋಳು ಬಿದ್ದುಹೋಯಿತು.

ಶಾಂತವೀರಯ್ಯ ಹೊರಗೆ ಬಂದ. "ಖರೆ ಹೇಳು, ಬೇಕಂತ ಮೆಲ್ಲಕ ಹೊಡದಿ, ಹೌದಿಲ್ಲೋ? ಇದು ನಿನ್ನ ನೌಕರಿ ಕಸಗೋತೈತಿ ಅಂತ ಅಂಜಿಕಿ ಏನು?"

ಅಮಸಿದ್ದಪ್ಪ ಬೆವರು ಒರೆಸಿಕೊಂಡು ಡೇರೆಯೊಳಗೆ ಇಣುಕಿದ.

"ನೌಕರಿ ಬೇಕಾದ್ರ ಅದಕ್ಕ ಕೊಡ್ರಿ ಸಾಹೇಬ್ರ. ಅದರ ಮುಂದಿನ ಫ್ಯಾನ್ ಅಷ್ಟ ನನ್ನ ಕಡೆ ಹೊಳ್ಳಿಸ್ರಿ."