ತಂಗಿ ನೋಡುತ್ತಿದ್ದ ಸೀರೀಸ್‌ಗಳು

ನನ್ನ ತಂಗಿಯ ಗಂಡನಿಗೆ ಆಲ್ದೂರಿನಲ್ಲಿ ಕಾಫಿ ಕೊಳ್ಳುವ ವ್ಯಾಪಾರ. ಹೋದ ವರ್ಷ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ನಮ್ಮಲ್ಲಿ ಗಂಡ ತೀರಿಕೊಂಡವಳು ಇದ್ದತ್ ಕೂರಬೇಕು, ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವ ಹಾಗಿಲ್ಲ. ಹೊತ್ತು ಹೋಗಲಿ ಎಂದು ನಮ್ಮ ತಮ್ಮ ಒಂದು ಟ್ಯಾಬ್ ತಂದುಕೊಟ್ಟ.

ಇದ್ದತ್ ಮುಗಿಯಿತು. ಹೊಸ ಬಟ್ಟೆ ತೊಡಿಸಿ ನೆಂಟರ ಮನೆಗಳಿಗೆಲ್ಲ ಕರೆದುಕೊಂಡು ಹೋದೆವು. ಮರುದಿನದಿಂದ ಅವಳು ಮತ್ತೆ ಒಳಗೇ, ಟ್ಯಾಬ್ ಮುಂದೆ. ಬೆಳಿಗ್ಗೆ ಹಚ್ಚಿದರೆ ಸಂಜೆಯ ಆಜಾನ್ ಕೂಗುವವರೆಗೂ ಒಂದರ ಹಿಂದೊಂದು ಸೀರೀಸ್. ಅನ್ನ ತಣ್ಣಗಾಗುತ್ತಿತ್ತು, ನಮಾಜು ತಪ್ಪುತ್ತಿತ್ತು. ಬೀದಿಗೆಲ್ಲ ಚೂಡಿದಾರ್ ಹೊಲಿದುಕೊಡುತ್ತಿದ್ದವಳ ಮಿಷನ್ ಧೂಳು ಹಿಡಿಯಿತು. ಫೋನ್ ಮಾಡಿದರೆ, "ಆಮೇಲೆ ಮಾಡ್ತೀನಿ ಆಪಾ." ಇವಳನ್ನೂ ಕಳೆದುಕೊಳ್ಳುತ್ತೇನೆ ಎಂದು ನನಗೆ ಹೆದರಿಕೆ ಹತ್ತಿತು. ಹೆದರಿದರೆ ನನಗೆ ಸಿಟ್ಟು ಬರುತ್ತದೆ, ಹುಟ್ಟುಗುಣ.

ಚಿಕ್ಕಮಗಳೂರಿನಲ್ಲಿ ಮನಶ್ಶಾಸ್ತ್ರ ಓದುವ ನನ್ನ ಮಗಳು ಕಾಲೇಜಿನ ಪ್ರಶ್ನಾವಳಿಯೊಂದನ್ನು ಹಿಡಿದು ಅವಳನ್ನು ಕೂರಿಸಿಕೊಂಡು ಕೇಳಿದಳು. "ಖಾಲಾ, ಯಾಕೆ ನೋಡ್ತೀರಿ? ಬೇಜಾರಿಗಾ, ಕತೆಗಾ? ಎಷ್ಟು ನೋಡಿದ್ರಿ ಅಂತ ಸುಳ್ಳು ಹೇಳ್ತೀರಾ? ನಿಲ್ಸಿ ಅಂದ್ರೆ ಸಿಟ್ಟು ಬರ್ತದಾ?" ತಂಗಿ ನಗುತ್ತಲೇ ಎಲ್ಲದಕ್ಕೂ, "ಇಲ್ಲಪ್ಪ, ಸುಮ್ನೆ ಟೈಂಪಾಸ್" ಎಂದಳು. ಮಗಳು ಅಂಕ ಕೂಡಿಸಿ, "ಏನೂ ತೊಂದ್ರೆ ಇಲ್ಲ ಅಮ್ಮಿ" ಎಂದು ನನಗೆ ತೀರ್ಪು ಕೊಟ್ಟಳು. ತಂಗಿಯ ಗಂಡ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಕಾಫಿ ಒಣಗಿದೆ ಎಂದು ಯಾರು ಎಷ್ಟು ಆಣೆ ಇಟ್ಟರೂ ಅವನು ಒಂದು ಬೀಜ ಹಲ್ಲಿಗಿಟ್ಟು ಕಚ್ಚಿಯೇ ನೋಡುತ್ತಿದ್ದ. ಮೇಲಿನ ಸಿಪ್ಪೆ ಗಲಗಲ ಅಂದರೂ ಒಳಗೆ ಹಸಿ ಉಳಿದಿರುತ್ತದೆ.

ಟ್ಯಾಬ್ ಕಿತ್ತುಕೊಂಡು ಬರುವುದೆಂದೇ ಒಂದು ಮಧ್ಯಾಹ್ನ ಹೋದೆ. ಪರದೆಯಲ್ಲಿ ಯಾರೋ ಹೆಂಗಸು ಅಳುತ್ತಿದ್ದಳು.

"ಯಾಕೆ ಅಳ್ತಾಳೆ ಇವಳು?" ಎಂದೆ.

"ಗೊತ್ತಿಲ್ಲ."

"ಗೊತ್ತಿಲ್ದೆ ಏನು ನೋಡ್ತೀಯ ಮಾರಾಯ್ತಿ?"

ತಂಗಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಇದ್ದತ್ ಕೂತಾಗ ದಿನಾ ಯಾರಾದ್ರೂ ಬರ್ತಿದ್ರು ಆಪಾ. ಊಟ ತರ್ತಿದ್ರು, ಪಕ್ಕದಲ್ಲಿ ಕೂರ್ತಿದ್ರು. ಅದು ಮುಗಿದ್ಮೇಲೆ ನಾನು ಸರಿಹೋದೆ ಅಂತ ಎಲ್ರೂ ಅವರವರ ಕೆಲ್ಸಕ್ಕೆ ಹೋದ್ರು. ನೀನೂ ಫೋನಲ್ಲೇ ಬೈತೀಯ."

ಅಷ್ಟರಲ್ಲಿ ಚಿತ್ರ ನಿಂತು, 'ಇನ್ನೂ ನೋಡುತ್ತಿದ್ದೀರಾ?' ಎಂಬ ಪ್ರಶ್ನೆ ಪರದೆಯಲ್ಲಿ ಮೂಡಿತು.

"ಇದೊಂದೇ ಕೇಳ್ತದೆ ನೋಡು, ಇದ್ದೀಯಾ ಅಂತ," ಎಂದು ತಂಗಿ ಬೆರಳು ಚಾಚಿ ಹೌದು ಒತ್ತಿದಳು.