ಕಾರಿನಲ್ಲಿ ಒಬ್ಬರ ಜಾಗ

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ನನ್ನ ಕೊರಳಿಗೆ ಹಾರ ಹಾಕಿದವರು ಯಾರೆಂದು ನನಗೆ ಈಗಲೂ ಗೊತ್ತಿಲ್ಲ. ಅವ್ವ ಅಳುತ್ತಿದ್ದಳು. ಅಪ್ಪ ಕಂಡ ಕಂಡವರಿಗೆಲ್ಲ ಕೈಮುಗಿಯುತ್ತಿದ್ದ. ಟಿವಿಯವರು ಮೈಕು ಮುಂದೆ ಹಿಡಿದು ಹೆಂಗ ಅನಸ್ತೈತ್ರಿ ಎಂದು ಕೇಳಿದರು. ಮನೆಗೆ ಬಂದದ್ದು ಖುಷಿಯಾಗಿದೆ ಎಂದೆ. ಅದು ಸುಳ್ಳೇನಲ್ಲ. ಆದರೆ ನಾನು ಬಂದ ದಾರಿಯಲ್ಲಿ ಒಂದು ಕಡೆ, ಬೇರೊಬ್ಬಳು ಕೂರಬೇಕಾದ ಜಾಗದಲ್ಲಿ ಕೂತು ಬಂದಿದ್ದೆ. ಅದನ್ನು ಅವತ್ತು ಯಾರಿಗೂ ಹೇಳಲಿಲ್ಲ. ಆಮೇಲೆಯೂ ಬಹಳ ಕಾಲ ಹೇಳಲಿಲ್ಲ.

ನಮ್ಮ ಮನೆ ಉಣಕಲ್‌ನಲ್ಲಿದೆ. ಅಪ್ಪನದು ಎಪಿಎಂಸಿಯಲ್ಲಿ ಕಾಳುಕಡಿ ವ್ಯಾಪಾರ. ಇಲ್ಲಿ ಮೆಡಿಕಲ್ ಸೀಟು ಸಿಗದ ಮಕ್ಕಳು ಯುಕ್ರೇನಿಗೆ ಹೋಗಿ ಓದುತ್ತಿದ್ದ ಕಾಲ ಅದು. ನಾನೂ ಹೋದೆ. ಎರಡನೆಯ ವರ್ಷದ ಚಳಿಗಾಲ ಇನ್ನೂ ಮುಗಿದಿರಲಿಲ್ಲ, ಯುದ್ಧ ಶುರುವಾಯಿತು. ನಾವಿದ್ದದ್ದು ಪೂರ್ವದ ಗಡಿಯ ಹತ್ತಿರ. ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಕೂತು, ಮೇಲೆ ಕಟ್ಟಡ ನಡುಗಿದಾಗಲೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಿದ್ದೆವು. ನಲ್ಲಿಯ ನೀರು ನಿಂತಮೇಲೆ ಅಂಗಳದ ಹಿಮ ತಂದು ಕರಗಿಸಿ ಕುಡಿದೆವು. ಸ್ಟೇಷನ್ನಿಗೆ ಹೋದರೆ ರೈಲು ಹತ್ತಲು ನಮಗೆ ಬಿಡಲಿಲ್ಲ. ಮುಂದಿನ ಊರಿನಿಂದ ಬಸ್ಸು ಹೊರಡುತ್ತದೆ ಎಂದು ಯಾರೋ ಹೇಳಿದ ಮಾತು ನಂಬಿ, ನಮ್ಮ ದೇಶದ ಒಂದಷ್ಟು ವಿದ್ಯಾರ್ಥಿಗಳು ಕೂಡಿ ನಡೆಯುತ್ತಲೇ ಹೊರಟೆವು.

ಆ ಚಳಿಯನ್ನು ನಮ್ಮ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತವೆ. ಕಣ್ಣಲ್ಲಿ ನೀರು ಬಂದರೆ ರೆಪ್ಪೆಗಳು ಅಂಟಿಕೊಳ್ಳುತ್ತವೆ. ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಡೆಯುತ್ತಿದ್ದ ನಾನು ಒಂದು ಹಳ್ಳಿಯ ಹತ್ತಿರ ಮಂಜುಗಡ್ಡೆಯ ಮೇಲೆ ಜಾರಿಬಿದ್ದೆ. ಕಾಲು ಉಳುಕಿತು, ಊರಲಿಕ್ಕೇ ಬರಲಿಲ್ಲ. ನನ್ನ ಕ್ಲಾಸಿನ ಇಬ್ಬರು ನನ್ನನ್ನು ಎತ್ತಿಕೊಂಡು ಹೋಗಿ ಮೊದಲು ಕಂಡ ಮನೆಯ ಬಾಗಿಲು ಬಡಿದರು. ವಾಹನ ಕಳಿಸುತ್ತೇವೆಂದು ಹೇಳಿ ಮುಂದೆ ಹೋದರು. ಅವರಿಗೆ ಕಳಿಸಲು ಆಗಲಿಲ್ಲ. ಆ ದಿನಗಳಲ್ಲಿ ಯಾರ ಕೈಯಲ್ಲೂ ಏನೂ ಇರಲಿಲ್ಲ.

ಬಾಗಿಲು ತೆರೆದವಳು ಒಬ್ಬ ಮುದುಕಿ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ; ನಾನು ಅವಳನ್ನೂ ಆಯಿ ಎಂದೇ ಕರೆದೆ. ಆಯಿ ನನ್ನನ್ನು ಏನೂ ಕೇಳಲಿಲ್ಲ. ಬೂಟು ಬಿಚ್ಚಿ, ನನ್ನ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಬಣ್ಣ ತಿರುಗುವ ತನಕ ಎದುರಿಗೆ ಕೂತು ನೋಡುತ್ತಿದ್ದಳು. ಮನೆಯಲ್ಲಿ ಅವಳ ಜೊತೆ ಮಗಳೊಬ್ಬಳಿದ್ದಳು, ಊರಿನ ದವಾಖಾನೆಯಲ್ಲಿ ನರ್ಸ್. ಆಕೆಯನ್ನು ಅಕ್ಕ ಎಂದೆ. ಅಕ್ಕನ ಗಂಡ ಸೈನ್ಯಕ್ಕೆ ಹೋಗಿದ್ದ. ಆಕೆಯೇ ನನ್ನ ಕಾಲಿಗೆ ಪಟ್ಟಿ ಕಟ್ಟಿದಳು.

ಅವರ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ಕಾಲೇಜಿನಲ್ಲಿ ರೋಗಿಗಳ ಜೊತೆ ಮಾತಾಡಲು ಕಲಿಸಿದ ಮಾತುಗಳಷ್ಟೇ. ಎಲ್ಲಿ ನೋವು, ಎಷ್ಟು ದಿನದಿಂದ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ. ಆಯಿಯ ಜೊತೆ ಏನಾದರೂ ಮಾತಾಡಬೇಕೆನಿಸಿ ಅವನ್ನೇ ಒಂದೊಂದಾಗಿ ಕೇಳಿದೆ. ಮೊದಲು ನಕ್ಕಳು. ಆಮೇಲೆ ಕೂತು ಒಂದೊಂದಕ್ಕೂ ಸಾವಕಾಶ ಉತ್ತರ ಹೇಳಿದಳು. ಮೊಣಕಾಲು ನೋವಂತೆ, ಅಳಿಯ ಹೋದಾಗಿನಿಂದ ನಿದ್ದೆ ಇಲ್ಲವಂತೆ. ಅವರ ಮಾತುಗಳು ನನ್ನ ನೆನಪಿನಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಉಳಿದಿವೆ. ಬೇರೆ ರೀತಿ ನೆನಪಿಸಿಕೊಳ್ಳಲು ನನಗೆ ಬರುವುದಿಲ್ಲ.

ಕರೆಂಟು ಇರಲಿಲ್ಲ. ಆ ಮನೆಯಲ್ಲಿ ಇಟ್ಟಿಗೆಯ ದೊಡ್ಡ ಒಲೆಯೊಂದಿತ್ತು, ಅದಕ್ಕೆ ಹೊಂದಿ ಮಲಗುವ ಕಟ್ಟೆ. ಮನೆಯಲ್ಲೆಲ್ಲ ಬೆಚ್ಚಗಿನ ಜಾಗ ಅದೊಂದೇ. ಅದು ಆಯಿಯ ಜಾಗ, ನನಗೆ ಕೊಟ್ಟಳು. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ನನಗೆ ಬೇರೆಯಾಗಿ ಬಟಾಟಿ ಬೇಯಿಸಿ ಎಣ್ಣೆಯಲ್ಲಿ ಒಗ್ಗರಿಸಿ ಕೊಡುತ್ತಿದ್ದಳು. ತಾವು ಹಂದಿಯ ಕೊಬ್ಬು ಹಾಕಿಕೊಳ್ಳುತ್ತಿದ್ದರು. ಆ ಎಣ್ಣೆ ಮನೆಯಲ್ಲಿ ಉಳಿದಿದ್ದ ಕೊನೆಯ ಶೀಸೆಯದು ಎಂದು ನನಗೆ ತಿಳಿದದ್ದು ಅದು ಬರಿದಾದ ಮೇಲೆ.

ಬಟ್ಟೆ ಬದಲಿಸುವಾಗ ಆಯಿ ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿ ಔಷಧದ ಡಬ್ಬಿ ಎಂದುಕೊಂಡಳು. ದೇವರು ಎಂದು ಮೇಲೆ ಕೈತೋರಿಸಿದೆ. ಅವಳು ತನ್ನ ಕೊರಳಿನ ಶಿಲುಬೆ ಹೊರಗೆ ತೆಗೆದು ತೋರಿಸಿದಳು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಹಿಮ ಕರಗಿಸಿದ ನೀರು ಒಂದು ಸಣ್ಣ ಬಟ್ಟಲಲ್ಲಿ ನನ್ನ ಪೂಜೆಗೆಂದು ಬೇರೆಯಾಗಿ ಕಾದಿತ್ತು. ನಾನಿದ್ದಷ್ಟು ದಿನ ಅದು ತಪ್ಪಲಿಲ್ಲ. ಸದ್ದು ಹತ್ತಿರ ಬಂದಾಗ ಮೂವರೂ ನೆಲದಡಿಯ ಉಗ್ರಾಣಕ್ಕಿಳಿದು, ಬಟಾಟಿ ರಾಶಿ ಮತ್ತು ಉಪ್ಪಿನ ನೀರಿನಲ್ಲಿ ಹಾಕಿಟ್ಟ ಸೌತೆಕಾಯಿಯ ಭರಣಿಗಳ ನಡುವೆ ಕೂರುತ್ತಿದ್ದೆವು. ಇಷ್ಟು ಸಾಮಾನು ಇಬ್ಬರಿಗೆ ಚಳಿಗಾಲ ದಾಟಲು ಕೂಡಿಟ್ಟದ್ದು, ನಾನು ಮೂರನೆಯವಳು ಎಂಬ ಯೋಚನೆ ಅಲ್ಲಿ ಕೂತಾಗಲೇ ಬರುತ್ತಿತ್ತು.

ಪಕ್ಕದ ಮನೆಯವ ತನ್ನ ಸಂಸಾರ ಕಟ್ಟಿಕೊಂಡು ಕಾರಿನಲ್ಲಿ ಪಶ್ಚಿಮದ ಗಡಿಯತ್ತ ಹೊರಡುವವನಿದ್ದ. ಅದರಲ್ಲಿ ಒಬ್ಬರ ಜಾಗವನ್ನು ಆಯಿ ಮಗಳಿಗಾಗಿ ಕೇಳಿ ಇಡಿಸಿದ್ದಳು. ಅಕ್ಕನ ನಾದಿನಿ ಅಲ್ಲೆಲ್ಲೋ ಗಡಿಯ ಊರಿನಲ್ಲಿದ್ದಳು. ಅಕ್ಕನಿಗೆ ಮನಸ್ಸಿರಲಿಲ್ಲ. ಆಯಿ ಎರಡು ದಿನ ಬೈದು, ಅತ್ತು, ಒಪ್ಪಿಸಿದ್ದಳು. ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟೂ ಆಗಿತ್ತು. ಇದೆಲ್ಲ ನನಗೆ ಗೊತ್ತಿತ್ತು.

ಬೆಳಿಗ್ಗೆ ಕಾರು ಬಂದು ನಿಂತಿತು. ಎಂಜಿನ್ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲವೆಂದು ಪಕ್ಕದ ಮನೆಯವ ಒಳಗಿನಿಂದಲೇ ಕೂಗಿ ಅವಸರಿಸುತ್ತಿದ್ದ. ಅಕ್ಕ ಚೀಲ ಎತ್ತಿಕೊಂಡಳು. ನನ್ನನ್ನು ತಬ್ಬಿಕೊಂಡಳು. ಆಮೇಲೆ ಚೀಲ ಕೆಳಗಿಟ್ಟು, "ಈಕಿ ಹೋಗ್ಲಿ" ಎಂದಳು.

ಆಯಿ ಮಗಳಿಗೆ ಏರುದನಿಯಲ್ಲಿ ಏನೇನೋ ಹೇಳತೊಡಗಿದಳು. ಅಷ್ಟು ಲಗುಬಗೆಯ ಮಾತು ನನಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ, ಮುಖ ಕಾಣುತ್ತಿತ್ತು. ಅಕ್ಕ ನನ್ನ ಕಡೆ ತಿರುಗಿ, ನನಗೆ ಅರ್ಥವಾಗುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ಇದು ನನ್ನ ಊರು. ನೀ ಡಾಕ್ಟರ್ ಆಗಾಕಿ. ನಡಿ."

"ಇಲ್ರಿ ಅಕ್ಕಾ, ನೀವ ಹೋಗ್ರಿ" ಎಂದೆ.

ಒಂದೇ ಸಲ ಅಂದೆ. ಇನ್ನೊಂದು ಸಲ ಅಂದರೆ ಆಕೆ ಒಪ್ಪಿಬಿಟ್ಟಾಳೆಂದು ನನಗೆ ಹೆದರಿಕೆಯಾಯಿತು. ಸುಮ್ಮನೆ ನಿಂತೆ. ಆಯಿ ಕೂಗುವುದನ್ನು ನಿಲ್ಲಿಸಿ ನನ್ನನ್ನೂ ಮಗಳನ್ನೂ ನೋಡಿದಳು. ಆಮೇಲೆ ತನ್ನ ಉಣ್ಣೆಯ ಶಾಲು ತೆಗೆದು ನನ್ನ ತಲೆಗೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿದಳು. ಅವಳ ಕೈ ಬಿರುಸಾಗಿತ್ತು. ಕಾರು ಹೊರಟ ಮೇಲೆ ನಾನು ಹಿಂದೆ ತಿರುಗಿ ನೋಡಲಿಲ್ಲ.

ನಾವು ಗಡಿ ಮುಟ್ಟುವ ಹೊತ್ತಿಗೆ ಆ ಹಳ್ಳಿಯಿಂದ ಹೊರಗೆ ಹೋಗುವ ದಾರಿಯ ಸೇತುವೆ ಮುರಿದುಬಿದ್ದಿದೆ ಎಂದು ಸುದ್ದಿ ಬಂತು. ಪಕ್ಕದ ಮನೆಯವನ ಹೆಂಡತಿ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಉಣಕಲ್‌ಗೆ ಬಂದ ಮೇಲೆ ಮನೆ ತುಂಬ ಜನ. ಬೀಗರು, ಅಪ್ಪನ ಅಡತಿ ಅಂಗಡಿಯ ಮಂದಿ, ಓಣಿಯವರು. ಹಣ್ಣು ತಂದು ಕೈಗಿಟ್ಟು, ಶಿವ ದೊಡ್ಡಾಂವ, ನಿಮ್ಮ ಪುಣ್ಯೆ ದೊಡ್ಡದು ಎಂದು ಅವ್ವನಿಗೆ ಹೇಳಿ ಹೋಗುತ್ತಿದ್ದರು. ಅಪ್ಪ ಮಠದಲ್ಲಿ ಒಂದು ದಿನದ ದಾಸೋಹ ಮಾಡಿಸಿದ. ಪಂಕ್ತಿಯಲ್ಲಿ ನನ್ನನ್ನು ಮೊದಲು ಕೂರಿಸಿ, ಬಡಿಸುವವರಿಗೆ ಹೇಳಿ ತುಪ್ಪ ಹೆಚ್ಚು ಹಾಕಿಸಿದ. ಹೋಳಿಗೆ ಮುರಿದು ಎಲೆಯಲ್ಲೇ ಬಿಟ್ಟೆ. ಹುಷಾರಿಲ್ಲ ಎಂದು ಎದ್ದೆ. ಎಲ್ಲರೂ ಪಾಪ, ಹುಡುಗಿ ಇನ್ನೂ ಹೆದರಿದ್ದಾಳೆ ಎಂದುಕೊಂಡರು.

ಅಕ್ಕನಿಂದ ಮೊದಮೊದಲು ಫೋನಿನಲ್ಲಿ ಮೆಸೇಜು ಬರುತ್ತಿತ್ತು. ಬದುಕಿದ್ದೇವೆ, ಆಯಿ ನಿನ್ನ ಕಾಲು ಹೇಗಿದೆ ಎಂದು ಕೇಳುತ್ತಾಳೆ. ಆಮೇಲೆ ನಿಂತಿತು. ನಾನು ಕಳಿಸಿದ್ದು ಅತ್ತ ಮುಟ್ಟುತ್ತಲೇ ಇರಲಿಲ್ಲ. ಮುಂದಿನ ಚಳಿಗಾಲ ಬಂತು. ಅಲ್ಲಿ ಊರೂರಿಗೇ ಕರೆಂಟಿಲ್ಲ ಎಂದು ಸುದ್ದಿಯಲ್ಲಿ ತೋರಿಸುತ್ತಿದ್ದರು. ಸಂಕ್ರಾಂತಿಯ ಹತ್ತಿರ ನಮ್ಮಲ್ಲೂ ಬೆಳಗಿನ ಹೊತ್ತು ಚಳಿ ಇರುತ್ತದೆ. ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುತ್ತಾಳೆ. ನಾನು ಕೆಲವು ದಿನ ಬೇಕೆಂದೇ ಹೊದಿಕೆಯಿಲ್ಲದೆ ಮಲಗಿದೆ. ಎಚ್ಚರಾದಾಗ ಮೈಮೇಲೆ ಕೌದಿ ಇರುತ್ತಿತ್ತು, ಅವ್ವ ಬಂದು ಹೊದಿಸಿ ಹೋಗಿರುತ್ತಿದ್ದಳು. ನಮ್ಮೂರಿನ ಚಳಿಗೆ ಯಾರನ್ನೂ ಶಿಕ್ಷಿಸುವ ಶಕ್ತಿಯಿಲ್ಲ.

ನನ್ನ ಜೊತೆ ಓದಿದವರಲ್ಲಿ ಅನೇಕರು ಬೇರೆ ದೇಶಗಳಿಗೆ ಹೋಗಿ ಓದು ಮುಗಿಸಿದರು. ನಾನು ಹೋಗಲಿಲ್ಲ. ಅವ್ವ ಬಿಡಲಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಖರೇ ಹೇಳಬೇಕೆಂದರೆ ನನಗೇ ಧೈರ್ಯವಾಗಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿ, ಸಪ್ತಾಪುರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಮೆಡಿಕಲ್ ಪರೀಕ್ಷೆಗೆ ಕೂರುವ ಮಕ್ಕಳು. ಒಳ್ಳೆಯ ಕೆಲಸವೇ. ಆದರೆ ನಾನು ಡಾಕ್ಟರ್ ಆಗುತ್ತೇನೆಂದು ನಂಬಿ ಒಬ್ಬಳು ತನ್ನ ಜಾಗ ಬಿಟ್ಟುಕೊಟ್ಟಿದ್ದಳು.

ಹೋದ ವರ್ಷ ಒಂದು ಮಧ್ಯಾಹ್ನ, ಎರಡು ಕ್ಲಾಸಿನ ನಡುವೆ, ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ಅಕ್ಕ. ಹೊಸ ಫೋನು ಸಿಕ್ಕಿದೆ, ಹಳೆಯ ಹೆಸರುಗಳನ್ನೆಲ್ಲ ಹುಡುಕುತ್ತಿದ್ದೇನೆ, ಇದೀಯಾ ಎಂದು ಕೇಳಿದ್ದಳು. ಹೊರಗೆ ಓಡಿಹೋಗಿ, ವಿದ್ಯಾರ್ಥಿಗಳು ಗಾಡಿ ನಿಲ್ಲಿಸುವ ಮರದ ಕೆಳಗೆ ನಿಂತು ಫೋನು ಮಾಡಿದೆ. ಇಷ್ಟು ವರ್ಷದಲ್ಲಿ ಫೋನಿನಲ್ಲೇ ನೋಡಿ ಕೇಳಿ ಅವರ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆ.

ಆಯಿ ಇರಲಿಲ್ಲ. ನಾನು ಬಂದ ಮೇಲಿನ ಎರಡನೆಯ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಹೋದಳಂತೆ. ಮನೆಯ ಮೇಲೆ ಶೆಲ್ ಬಿದ್ದು ಛಾವಣಿಯ ಒಂದು ಬದಿ ಕುಸಿದಿತ್ತು. ಪ್ಲಾಸ್ಟಿಕ್ ಹಾಳೆ ಹೊದಿಸಿ ಇದ್ದರಂತೆ. ಅಕ್ಕನ ಗಂಡನ ಸುದ್ದಿ ಇನ್ನೂ ತಿಳಿದಿಲ್ಲ. ಆಯಿಯನ್ನು ಮಣ್ಣು ಮಾಡಿದ ಮೇಲೆ ಆಕೆ ಆ ಊರು ಬಿಟ್ಟು, ಪಶ್ಚಿಮದ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದಿದ್ದಾಳೆ. ಇದನ್ನೆಲ್ಲ ಸಮಾಧಾನವಾಗಿ ಹೇಳಿ, ನನ್ನನ್ನು ಕೇಳಿದಳು, ಡಾಕ್ಟರ್ ಆದೆಯಾ ಎಂದು.

"ಇಲ್ಲ ಅಕ್ಕಾ. ಹುಡುಗರಿಗೆ ಪಾಠಾ ಹೇಳ್ತೇನಿ."

ಅಕ್ಕ ಹೇಳಿದಳು: "ಅವ್ವ ಜಡ್ಡಾದಾಗ ದಿನಾ ನಿನ್ನ ಕೇಳ್ತಿದ್ಲು. ಆದಳು, ಡಾಕ್ಟರ್ ಆದಳು ಅಂತ ಹೇಳಿಬಿಟ್ಟಿದ್ದೆ. ಭಾಳ ಸಮಾಧಾನ ಆತು ಆಕಿಗೆ."

ಅವತ್ತು ಕಾರಿನಲ್ಲಿ ನೀವೇ ಹೋಗಿದ್ದರೆ ಎಂದು ಶುರುಮಾಡಿದೆ. ಆಕೆ ಪೂರ್ತಿ ಹೇಳಲು ಬಿಡಲಿಲ್ಲ. ಆ ಚಳಿಗಾಲದಲ್ಲಿ ಎರಡು ಮೂರು ಸಲ ನಿನ್ನ ಮೇಲೆ ಬಹಳ ಸಿಟ್ಟು ಬಂದಿತ್ತು ಎಂದಳು. ಹೊಗೆಯಲ್ಲಿ ಹಸಿ ಕಟ್ಟಿಗೆ ಊದುತ್ತ ಕೂತಾಗ, ಆ ಹುಡುಗಿ ತನ್ನ ಊರಲ್ಲಿ ಬೆಚ್ಚಗಿದ್ದಾಳೆ ಎಂದು ನೆನಪಾಗುತ್ತಿತ್ತಂತೆ. "ಆದರ ಅವ್ವನ ಕಡೀ ಉಸಿರಿಗೆ ನಾ ಬಾಜೂಕ ಇದ್ದೆ. ಹೋಗಿದ್ರ ಇರ್ತಿರ್ಲಿಲ್ಲ. ಎರಡೂ ಖರೇ ಅದಾವು, ತಂಗಿ."

ನನ್ನ ಮೇಲೆ ಸಿಟ್ಟು ಬಂದಿತ್ತು ಎಂದು ಆಕೆ ಹೇಳಿದಾಗ ನನಗೆ ಅಳು ಬಂತು. ನೋವಿಗಲ್ಲ. ಇಲ್ಲಿ ಯಾರೂ ನನ್ನ ಮೇಲೆ ಸಿಟ್ಟು ಮಾಡಿರಲಿಲ್ಲ.

ಸಂಜೆ ಮನೆಗೆ ಹೋಗದೆ ನೇರ ಅಪ್ಪನ ಅಂಗಡಿಗೆ ಹೋದೆ. ಹಮಾಲರು ಹೋಗಿದ್ದರು. ಕಡಲೆಯ ಚೀಲಗಳ ಪಕ್ಕ ಕೂತು ಮೊದಲಿನಿಂದ ಎಲ್ಲ ಹೇಳಿದೆ, ನೀವೇ ಹೋಗಿ ಎಂದು ಎರಡನೆಯ ಸಲ ನಾನು ಅನ್ನದೆ ಇದ್ದದ್ದನ್ನೂ. ನೀನೇನು ತಪ್ಪು ಮಾಡಿದಿ ಎಂದು ಅಪ್ಪ ಅನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ. ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, "ಆಕಿಗೆ ಫೋನ್ ಹಚ್ಚು" ಎಂದ.

ಅಪ್ಪನಿಗೆ ಕನ್ನಡ ಬಿಟ್ಟರೆ ವ್ಯಾಪಾರಕ್ಕೆ ಬೇಕಾಗುವಷ್ಟು ಮರಾಠಿ, ಹಿಂದಿ. ಪರದೆಯ ಮೇಲೆ ಅಕ್ಕನ ಮುಖ ಕಂಡದ್ದೇ ಎದ್ದು ನಿಂತ. "ಊಟಾ ಆತೇನವಾ?" ಎಂದ. ನಾನು ಅರ್ಥ ಹೇಳಿದೆ. ಅಕ್ಕ ಹೌದು, ಆಯಿತು ಎಂದು ತಲೆಯಾಡಿಸಿದಳು. ನಮ್ಮ ಮನೆಗೆ ಬಂದು ಇರಲು ಹೇಳು ಎಂದು ಅಪ್ಪ ನನಗೆ ಹೇಳಿದ. ಗಂಡನ ದಾರಿ ಕಾಯುತ್ತಿದ್ದೇನೆ, ಈಗ ಎಲ್ಲಿಗೂ ಬರಲಾರೆ ಎಂದಳು ಅಕ್ಕ. ಅಪ್ಪ ಆಗಲಿ ಎಂದು ಕೈಮುಗಿದ. ಆಕೆಯೂ ಮುಗಿದಳು.

ಅಂದಿನಿಂದ ಭಾನುವಾರಕ್ಕೊಮ್ಮೆ ಮಾತಾಡುತ್ತೇವೆ. ಮನಸ್ಸು ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಆಯಿಗೆ ಹೇಳಿದ ಆ ಸಮಾಧಾನದ ಮಾತನ್ನು ನಿಜ ಮಾಡಲು ನನಗೀಗ ಸಾಧ್ಯವಿಲ್ಲ. ಅಕ್ಕನೂ ಅದನ್ನು ಮತ್ತೆ ಎತ್ತಿಲ್ಲ. ಮೊನ್ನೆಯ ಭಾನುವಾರ ಬೆಳಿಗ್ಗೆಯಿಂದ ಫೋನು ಹತ್ತಲೇ ಇಲ್ಲ. ಸಂಜೆಯ ಹೊತ್ತಿಗೆ ತಾನೇ ಮಾಡಿದಳು. ಕರೆಂಟು ಹೋಗಿತ್ತಂತೆ, ವಾರ್ಡಿನಲ್ಲಿ ಗದ್ದಲವಿತ್ತಂತೆ. ಅಲ್ಲಿಯವರೆಗೆ ನಾನು ಉಂಡಿರಲಿಲ್ಲ. ಅದನ್ನು ಆಕೆಗೆ ಹೇಳಲಿಲ್ಲ.