ಹನ್ನೆರಡನೆಯ ತೂತು

ನಮ್ಮ ಚಿಕ್ಕಪ್ಪ ಮೂವತ್ತನಾಲ್ಕು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಸೋರುವ ಕೊಳವೆ ಹುಡುಕಿ ನಿವೃತ್ತರಾದವರು. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದಕ್ಕೆ ಕಿವಿ ಕೊಟ್ಟು, ನೆಲದಡಿ ನೀರು ಎಲ್ಲಿ ಪೋಲಾಗುತ್ತಿದೆ ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಅಂಥ ಕಿವಿಗೆ ಚಿಕ್ಕಮ್ಮನ ಮಾತು ಮಾತ್ರ ಒಂದು ದಿನವೂ ಬಿದ್ದದ್ದಿಲ್ಲ. ಚಾಡಿ ಹೇಳುತ್ತಿಲ್ಲ ನಾನು. ಪಕ್ಕದ ಮನೆಯಲ್ಲೇ ಇರುವ ಅವರ ಅಣ್ಣನ ಮಗಳು, ಕಣ್ಣಾರೆ ಕಂಡದ್ದು.

ತೂತು ಕಂಡರೆ ಅವರಿಗಾಗದು. ಕಚೇರಿಯವರು ಸುಮ್ಮನೆ ಅವರನ್ನು ಬಿರಡೆ ಎಂದು ಕರೆಯುತ್ತಿರಲಿಲ್ಲ. ಕೈ ತೊಳೆಯುವ ಬೇಸಿನ್ನಿನಲ್ಲಿ, ನೀರು ತುಂಬಿ ಚೆಲ್ಲದಿರಲೆಂದು ಮಾಡಿದವರೇ ಬಿಟ್ಟ ತೂತಿಗೂ ಸಿಮೆಂಟ್ ಮೆತ್ತಿದ್ದರು. ಆಮೇಲೊಂದು ದಿನ ನಲ್ಲಿ ನಿಲ್ಲಿಸಲು ಮರೆತು ನೀರು ಅಡುಗೆಮನೆಯವರೆಗೆ ಹರಿಯಿತು. ತಪ್ಪು ಯಾರದು? ನಲ್ಲಿ ಮರೆತ ಚಿಕ್ಕಮ್ಮನದು.

ನಿವೃತ್ತಿಯಾದ ತಿಂಗಳಲ್ಲೇ ನನಗಿಂತ ಹದಿನಾಲ್ಕು ವರ್ಷ ದೊಡ್ಡದಾದ ಒಂದು ಕಾರು ತಂದು ಶೆಡ್ಡಿಗೆ ನುಗ್ಗಿಸಿದರು. ಆ ಶೆಡ್ಡಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಾಲ್ಕು ಜನಕ್ಕೆ ಹೊಲಿಗೆ ಕಲಿಸಬೇಕೆಂದು ಚಿಕ್ಕಮ್ಮ ಎಷ್ಟೋ ವರ್ಷದಿಂದ ಕಾದಿದ್ದಳು. ಯಂತ್ರ ಮಂಚದ ಪಕ್ಕದಲ್ಲೇ ಉಳಿಯಿತು.

ಕಾರಿನ ಹಳೆಯ ಮಾಲೀಕ ಯಾವನೋ ಹೊಗೆ ತಗ್ಗಿಸುವ ಸಾಮಾನುಗಳನ್ನೆಲ್ಲ ಕಿತ್ತೆಸೆದು, ಅವುಗಳ ರಬ್ಬರ್ ಪೈಪು ಸಿಕ್ಕಿಸುವ ಮೂತಿಗಳನ್ನು ಹಾಗೇ ತೆರೆದು ಬಿಟ್ಟಿದ್ದ. ಎಂಜಿನ್ ಅಲ್ಲೆಲ್ಲ ಗಾಳಿ ಎಳೆದುಕೊಂಡು ಏದುಸಿರು ಬಿಡುತ್ತ, ಸಿಗ್ನಲ್ಲು ಬಂದರೆ ಆರಿಹೋಗುತ್ತಿತ್ತು. ಆಗ ಇಳಿದು ತಳ್ಳುವವಳು ಚಿಕ್ಕಮ್ಮ. ಚಿಕ್ಕಪ್ಪ ಸ್ಟೀರಿಂಗ್ ಹಿಡಿದು ಕೂತು, "ಇನ್ನೂ ಜೋರಾಗಿ" ಎನ್ನುವ ಕಷ್ಟದ ಕೆಲಸ ಮಾಡುತ್ತಿದ್ದರು.

ಏಳನೇ ಸಲ ತಳ್ಳಿ ಬಂದ ಸಂಜೆ ಚಿಕ್ಕಮ್ಮನ ಪಿತ್ತ ನೆತ್ತಿಗೇರಿತು. "ಬರೋ ಭಾನುವಾರ ಇದ್ರಲ್ಲೇ ನಮ್ಮಕ್ಕನ ಮನೆಗೆ ಹೋಗಿ ಬರೋಣ. ನಾನು ಇಳಿದು ತಳ್ಳೋ ಹಾಗಾದ್ರೆ ಕಾರು ಶೆಡ್ಡಿಂದ ಆಚೆ, ನನ್ನ ಮಿಷಿನ್ನು ಒಳಗೆ. ಇವಳೇ ಸಾಕ್ಷಿ" ಎಂದು ನನ್ನತ್ತ ಕೈ ತೋರಿಸಿದಳು. ಚಿಕ್ಕಪ್ಪ ನಕ್ಕು ಒಪ್ಪಿದರು. ತೂತಿನ ಎದುರು ಅವರು ಸೋತವರೇ ಅಲ್ಲವಲ್ಲ.

ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ಕು ಬಂದು ನೋಡಿದ. "ಬೇಡದ ವ್ಯಾಕ್ಯೂಮ್ ಪೋರ್ಟ್, ಈ ಗಾಳಿ ಎಳೆಯೋ ಮೂತಿಗಳು, ಎಲ್ಲಾ ಮುಚ್ಬಿಡಿ ಸಾರ್. ಬೇಡದ್ದು ಮಾತ್ರ" ಎಂದ. ಇದರಲ್ಲಿ ಚಿಕ್ಕಪ್ಪನ ತಲೆಗೆ ಹೋದದ್ದು ಮುಚ್ಚುವ ಭಾಗ ಮಾತ್ರ.

ವಾರವಿಡೀ ನಾನು ಟಾರ್ಚು ಹಿಡಿದೆ, ಅವರು ಕಿವಿಗೊಂದು ರಬ್ಬರ್ ನಳಿಗೆ ಹಿಡಿದು ಎಂಜಿನ್ನಿನ ಮೇಲೆ ಬಾಗಿದರು. ಎಲ್ಲಿ ಬುಸುಗುಡುತ್ತದೋ ಅಲ್ಲೊಂದು ಮೂತಿ. ಮೊದಲು ತೊಡಿಸಿದ ರಬ್ಬರ್ ಟೊಪ್ಪಿಗೆಗಳು ಕಾವಿಗೆ ಎರಡೇ ದಿನಕ್ಕೆ ಸೀಳಿದವು. ಆಮೇಲೆ ಮೂತಿ ಬಿಚ್ಚಿ, ಆ ಜಾಗಕ್ಕೆ ಹಿತ್ತಾಳೆ ತಿರುಪುಗಳಿಗೆ ಬಿಳಿ ಟೇಪು ಸುತ್ತಿ ಕೂರಿಸಿದರು. ಹನ್ನೊಂದನೆಯದು ಮುಚ್ಚಿದಾಗ ಎಂಜಿನ್ನಿನ ಸದ್ದೇ ಬದಲಾಯಿತು. ಅದರ ಪಕ್ಕದಲ್ಲಿಟ್ಟ ಲೋಟದ ನೀರೂ ಅಲುಗಲಿಲ್ಲ. ಸುಳ್ಳು ಯಾಕೆ, ನನಗೂ ಖುಷಿಯಾಯಿತು.

ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಗೆದ್ದಿದ್ದರು. ಶನಿವಾರ ಟ್ಯಾಂಕು ತುಂಬಾ ಪೆಟ್ರೋಲು ಹಾಕಿಸಿ ಬಂದವರಿಗೆ ಟ್ಯಾಂಕಿನ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತು ಕಾಣಬೇಕೆ? ಸರಿ, ಅಂಟು ಕಲಸತೊಡಗಿದರು.

"ಅದನ್ನ ಬೇಕಂತಲೇ ಇಟ್ಟಿರ್ತಾರೆ ರೀ. ಬಿಡಿ" ಎಂದಳು ಚಿಕ್ಕಮ್ಮ.

"ಮೂವತ್ತನಾಲ್ಕು ವರ್ಷ ತೂತಿನ ಜೊತೆ ಬಾಳಿದ್ದೀನಿ, ನಂಗೆ ಹೇಳಿಕೊಡ್ತೀಯಾ?"

"ನನ್ನ ಜೊತೆನೂ ಅಷ್ಟೇ ವರ್ಷ ಬಾಳಿದ್ದೀರಿ" ಎಂದು ಅವಳು ಒಳಗೆ ಹೋದಳು. ಅಂಟು ಕಲ್ಲಿನಂತೆ ಗಟ್ಟಿಯಾಯಿತು.

ಭಾನುವಾರ ಬೆಳಗ್ಗೆ ಕಾರು ಹೂವೆತ್ತಿದ ಹಾಗೆ ಹೊರಟಿತು. ಸಾಕ್ಷಿಯಾಗಿ ನಾನೂ ಹಿಂದಿನ ಸೀಟಿನಲ್ಲಿದ್ದೆ. ಚಿಕ್ಕಪ್ಪ ಸಿಗ್ನಲ್ಲಿಗೊಂದು ಸಲ ತಿರುಗಿ, "ಹೆಂಗೆ?" ಎನ್ನುತ್ತ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಊರಾಚೆಯ ಸೇತುವೆಯ ಏರಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಜಪ್ಪಯ್ಯ ಅಂದರೂ ಮತ್ತೆ ಹೊತ್ತಲಿಲ್ಲ.

ಬಾನೆಟ್ಟು ಎತ್ತಿ, ಹನ್ನೊಂದು ತಿರುಪುಗಳನ್ನೂ ಮುಟ್ಟಿ ನೋಡಿದರು. ಒಂದೂ ಸಡಿಲವಿರಲಿಲ್ಲ. ಪೆಟ್ರೋಲು ಬರುವ ಪೈಪು ಬಿಚ್ಚಿದರೆ ಅಲ್ಲಿ ತೊಟ್ಟೂ ಇಲ್ಲ. ಟ್ಯಾಂಕು ನೋಡಿದರೆ ತುಂಬಿದೆ. ಅರ್ಧ ಗಂಟೆ ಹೆಣಗಿ, ಕಿವಿಗೆಲ್ಲ ಮಸಿ ಮಾಡಿಕೊಂಡು, ಇಂಗು ತಿಂದ ಮಂಗನಂತೆ ಕಿಟಕಿಯ ಹತ್ತಿರ ಬಂದರು.

"ಸ್ವಲ್ಪ ಇಳಿತೀಯಾ?" ಎಂದರು.

ಒಂದು ಸಲ ತಳ್ಳಿದರೆ ಸಾಕು, ಶೆಡ್ಡು ಅವಳದು. ಚಿಕ್ಕಮ್ಮ ಅವರ ಮುಖ ನೋಡಿದಳು. ಇಳಿದು ಹಿಂದೆ ಹೋದಳು, ಆದರೆ ತಳ್ಳಲಿಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಎಷ್ಟೋ ಹೊತ್ತಿನಿಂದ ಬಾಯಾರಿದ್ದಂತೆ ಟ್ಯಾಂಕು ಬುಸ್ಸೆಂದು ಗಾಳಿ ಎಳೆದುಕೊಂಡಿತು.

"ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡಿಯೋದು ಯಾಕೆ ಹೇಳಿ? ಒಂದೇ ಇದ್ರೆ ಎಣ್ಣೆ ಬೀಳಲ್ಲ, ಒಳಗೆ ಗಾಳಿ ಹೋಗ್ಬೇಕು. ಮುಚ್ಚಳ ಅರ್ಧ ಸುತ್ತು ಸಡಿಲ ಬಿಡಿ, ಪೈಪು ಸಿಕ್ಕಿಸಿ, ಹೊರಡಿ."

ನಾಲ್ಕು ಸಲ ಕಿರ್ರೆಂದು ಕಾರು ಹೊತ್ತಿಕೊಂಡಿತು. ಚಿಕ್ಕಪ್ಪ ಗೇರು ಹಾಕದೆ ಕೂತೇ ಇದ್ದರು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ."

ಅವರು ತಲೆ ತಗ್ಗಿಸಿದರು. "ತಳ್ಳಿದ್ರೆ ಶೆಡ್ಡು ನಿಂದಾಗ್ತಿತ್ತಲ್ಲ" ಎಂದರು.

"ಆಗ್ತಿತ್ತು. ನಿಮ್ಮ ಮುಖ ನೋಡೋಕಾಗ್ಲಿಲ್ಲ" ಎಂದಳು ಚಿಕ್ಕಮ್ಮ. ಅಕ್ಕನ ಮನೆ ತಲುಪುವವರೆಗೂ ಕಾರು ಎಲ್ಲೂ ನಿಲ್ಲಲಿಲ್ಲ. ಮನೆಗೆ ಮರಳಿದ ಮೇಲೆ ಅವಳೇ ಮುಚ್ಚಳವನ್ನು ಒರೆಸಿ ಒಣಗಿಸಿ, ದಬ್ಬಣ ಕಾಯಿಸಿ ಚುಚ್ಚಿ ಅಂಟು ಬಿಡಿಸಿದಳು.

ಮುಂದಿನ ಭಾನುವಾರ ಚಿಕ್ಕಪ್ಪ ಕಾರನ್ನು ತಾವಾಗಿಯೇ ಅಂಗಳಕ್ಕೆ ತಂದು ಟಾರ್ಪಾಲು ಹೊದಿಸಿದರು. ಶೆಡ್ಡಿಗೆ ಸುಣ್ಣ ಬಳಿದು, ಹೊಲಿಗೆ ಯಂತ್ರವನ್ನು ತಾವೇ ಹೊತ್ತು ತಂದಿಟ್ಟರು. ಸಂಜೆ ಚಿಕ್ಕಮ್ಮನನ್ನು ಕರೆದರು. ಅವಳ ಕಣ್ಣು ತುಂಬಿ ಬಂತು. ಯಂತ್ರದ ಮೇಲೆ ಕೈಯಾಡಿಸಿದಳು, ಕೂತಳು, ಕತ್ತಿನ ಬೆವರು ಒರೆಸಿಕೊಂಡಳು, ಆಮೇಲೆ ತಲೆ ಎತ್ತಿ ಗೋಡೆ ನೋಡಿದಳು. ಸೂರಿನ ಕೆಳಗೆ ಗಾಳಿಗೆಂದು ಬಿಟ್ಟಿದ್ದ ಎರಡು ಕಿಂಡಿಗಳಿಗೂ ಹೊಸ ಸಿಮೆಂಟ್ ಮೆತ್ತಿತ್ತು, ಇನ್ನೂ ಹಸಿಯಾಗಿತ್ತು.

"ಒಂದು ಇಲಿನೂ ನುಗ್ಗಲ್ಲ ಈಗ" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಎದ್ದು ಒಳಗೆ ಹೋಗಿ, ದಬ್ಬಣ ತಂದು ಅವರ ಕೈಗಿಟ್ಟಳು.